ಅಡುಗೆಮನೆ ಪ್ರಶ್ನೋತ್ತರ: ಧಾನ್ಯ ಆಗದವರಿಗೆ ಸಮ್ಮಾನದ ಊಟ

ಪ್ರಶ್ನೆ: ನಮಸ್ಕಾರ ಅಕ್ಕ. ಕಳೆದ ತಿಂಗಳು ನನ್ನ ತಮ್ಮನ ಮದುವೆ ಆಯಿತು. ಬರುವ ಶನಿವಾರ ರಾತ್ರಿ ಹೊಸ ಜೋಡಿಗೆ ನಮ್ಮ ಮನೆಯಲ್ಲಿ ಸಮ್ಮಾನ. ಒಟ್ಟು ಹದಿನೆಂಟು ಜನ. ತಮ್ಮನ ಹೆಂಡತಿಗೆ ಧಾನ್ಯದ ಅಲರ್ಜಿ. ಗೋಧಿ, ಬಾರ್ಲಿ, ಮೆಕ್ಕೆಜೋಳ ಆಗುವುದೇ ಇಲ್ಲ. ಅಕ್ಕಿಯೂ ಬೇಡ ಎಂದು ಡಾಕ್ಟರು ಹೇಳಿದ್ದಾರಂತೆ. ಅನ್ನವೇ ಇಲ್ಲದ ಮೇಲೆ ಎಲೆಗೆ ಏನು ಬಡಿಸುವುದು? ಪದಾರ್ಥಗಳನ್ನು ಹೇಗೆ ಯೋಚಿಸಲಿ? ಅವಳಿಗೆ ಬೇರೆಯೇ ಅಡುಗೆ ಮಾಡಬೇಕಾ? ನಮ್ಮ ಅತ್ತೆ, "ಒಂದು ದಿನ ಒಂಚೂರು ಉಂಡರೆ ಏನಾಗುತ್ತದೆ" ಅನ್ನುತ್ತಾರೆ. ನನಗೆ ಹೆದರಿಕೆ.
– ಒಬ್ಬ ಗೃಹಿಣಿ, ಪೆರ್ಲ

ಉತ್ತರ: ತಂಗೀ, ನಿನ್ನ ಹೆದರಿಕೆ ಸರಿಯಾದದ್ದೇ. ಮೊದಲು ಅತ್ತೆಯವರ ಮಾತಿಗೆ ಉತ್ತರ ಹೇಳಿಬಿಡುತ್ತೇನೆ. ಇದನ್ನು ಅವರಿಗೂ ಓದಿ ಹೇಳು.

ಹನ್ನೆರಡು ವರ್ಷದ ಹಿಂದಿನ ಮಾತು. ನೀರ್ಚಾಲಿನ ನಮ್ಮ ಮನೆಗೆ ಅಕ್ಕನ ಮಗಳು ತನ್ನ ಐದು ವರ್ಷದ ಹುಡುಗನನ್ನು ಕರೆದುಕೊಂಡು ಬಂದಿದ್ದಳು. ಅವನಿಗೆ ಗೋಧಿ ಆಗುತ್ತಿರಲಿಲ್ಲ. ನಾನು ಚಪಾತಿ ಮಾಡಲಿಲ್ಲ. ಶಾವಿಗೆ ಪಾಯಸ ಮಾಡಬೇಕೆಂದಿದ್ದೆ, ಅದನ್ನೂ ಬಿಟ್ಟೆ. ಅನ್ನ, ಸಾರು, ಬೆಂಡೆಕಾಯಿ ಪಲ್ಯ, ಮಜ್ಜಿಗೆ, ಇಷ್ಟೇ. ನಾಲ್ಕು ತುತ್ತು ಸಾರನ್ನ ಉಂಡಿದ್ದನೋ ಇಲ್ಲವೋ, ಹುಡುಗ ಕುತ್ತಿಗೆ ಕೆರೆಯತೊಡಗಿದ. ನೋಡುತ್ತಿದ್ದ ಹಾಗೆ ಕಿವಿಯ ಹಿಂದೆ, ಬೆನ್ನಿನ ಮೇಲೆ ಕೆಂಪು ದದ್ದು ಎದ್ದವು. ಅವನ ಅಮ್ಮ ಚೀಲದಲ್ಲಿ ತಂದಿದ್ದ ಔಷಧ ಕುಡಿಸಿದಳು. ಜೀಪಿನಲ್ಲಿ ಹಾಕಿಕೊಂಡು ಕಾಸರಗೋಡಿಗೆ ಓಡಿದೆವು. ರಾತ್ರಿ ಹತ್ತು ಗಂಟೆಗೆ ದದ್ದು ಇಳಿಯಿತು. ಸಾರಿಗೆ ಗೋಧಿ ಎಲ್ಲಿಂದ ಬಂತು ಎಂದು ನನಗೆ ನಿದ್ದೆಯೇ ಬರಲಿಲ್ಲ. ಬೆಳಿಗ್ಗೆ ಎದ್ದು ಒಗ್ಗರಣೆಗೆ ಹಾಕಿದ್ದ ಒಂದೊಂದನ್ನೇ ತೆಗೆದು ನೋಡಿದೆ. ಇಂಗಿನ ಡಬ್ಬಿಯ ಹಿಂದೆ ಸಾಸಿವೆ ಕಾಳಿಗಿಂತ ಸಣ್ಣ ಅಕ್ಷರದಲ್ಲಿ ಬರೆದಿತ್ತು: ಗೋಧಿ ಹಿಟ್ಟು.

ಹಾಗಾಗಿ ಹೇಳುತ್ತೇನೆ, ಅಲರ್ಜಿಯಲ್ಲಿ ಒಂಚೂರು ಅನ್ನುವ ಲೆಕ್ಕ ಇಲ್ಲ. ನಾನು ಹಾಕಿದ್ದು ಒಂದು ಚಿಟಿಕೆ. ಅದು ಹತ್ತು ಜನರ ಸಾರಿಗೆ.

ಇಂಗಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಏಕೆಂದರೆ ನಮ್ಮ ಕಡೆ ಎಷ್ಟೋ ಪದಾರ್ಥಗಳಿಗೆ ಇಂಗಿನ ಒಗ್ಗರಣೆ ಬೇಕೇ ಬೇಕು. ಇಂಗು ಅಂದರೆ ಒಂದು ಗಿಡದ ಬೇರಿನಿಂದ ಒಸರುವ ಅಂಟು. ಹೆಚ್ಚಾಗಿ ಅಫ್ಘಾನಿಸ್ತಾನ, ಇರಾನಿನ ಕಡೆಯಿಂದ ಬರುತ್ತದೆ. ಶುದ್ಧ ಇಂಗಿನ ಘಾಟು ತಡೆಯಲಾಗದಷ್ಟು. ಅದಕ್ಕೇ ಹಿಟ್ಟು, ಗೋಂದು ಬೆರೆಸಿ ಮಾರುತ್ತಾರೆ. ಆ ಹಿಟ್ಟು ಹೆಚ್ಚಾಗಿ ಗೋಧಿಯದು ಅಥವಾ ಮೈದಾ. ಕೆಲವರು ಅಕ್ಕಿ ಹಿಟ್ಟು ಹಾಕುತ್ತಾರೆ. ಅದು ಬೇರೆಯವರಿಗೆ ಆದೀತು, ನಿನ್ನ ನೆಂಟಳಿಗೆ ಅದೂ ಆಗದು. ಪುಡಿ ಇಂಗಿನಲ್ಲಿ ಮಾತ್ರ ಅಲ್ಲ, ಗಟ್ಟಿ ಇಂಗಿನಲ್ಲೂ ಹಿಟ್ಟು ಇರುವುದುಂಟು. ನಮ್ಮ ಕಾಸರಗೋಡಿನ ಅಂಗಡಿಗಳಲ್ಲಿ ಸಿಗುವ ಪೊಟ್ಟಣಗಳ ಮೇಲೆ ಕೆಲವೊಮ್ಮೆ ಮಲಯಾಳ ಜಾಸ್ತಿ ಇರುತ್ತದೆ. ಕಾಯಂ ಅಂದರೆ ಇಂಗು, ಗೋದಂಬು ಅಂದರೆ ಗೋಧಿ, ಅರಿ ಅಂದರೆ ಅಕ್ಕಿ, ಚೋಳಂ ಅಂದರೆ ಜೋಳ ಅಥವಾ ಮೆಕ್ಕೆಜೋಳ. ಓದಲು ಬಾರದಿದ್ದರೆ ಶಾಲೆಗೆ ಹೋಗುವ ಮಕ್ಕಳ ಕೈಯಲ್ಲಿ ಓದಿಸು. ಆದರೆ ಶನಿವಾರದ ಮಟ್ಟಿಗೆ ಇಂಗಿನ ಡಬ್ಬಿಯನ್ನು ಅಟ್ಟಕ್ಕೆ ಹಾಕಿಬಿಡುವುದೇ ಒಳ್ಳೆಯದು. ಜೀರಿಗೆ ಸ್ವಲ್ಪ ಜಾಸ್ತಿ ಹಾಕು, ಬೇವಿನೆಲೆ, ಅಂದರೆ ಕರಿಬೇವು, ಧಾರಾಳ ಹಾಕು. ಬೆಳ್ಳುಳ್ಳಿ ತಿನ್ನುವ ಮನೆಯಾದರೆ ನಾಲ್ಕು ಎಸಳು ಜಜ್ಜಿ ತೆಂಗಿನೆಣ್ಣೆಯಲ್ಲಿ ಕೆಂಪಗೆ ಹುರಿ. ಇಂಗು ಇಲ್ಲ ಎಂದು ಯಾರಿಗೂ ಗೊತ್ತಾಗುವುದಿಲ್ಲ.

ಇವತ್ತೇ ಹುಡುಗಿಗೆ ಫೋನ್ ಮಾಡು. ತಮ್ಮನ ಬಾಯಿಯಿಂದ ಕೇಳಿದ್ದು ಸಾಲದು. "ಧಾನ್ಯ" ಅನ್ನುವ ಮಾತೇ ನಮ್ಮಲ್ಲಿ ಗೊಂದಲದ್ದು. ನವಗ್ರಹ ಪೂಜೆಗೆ ಇಡುವ ನವಧಾನ್ಯ ನೋಡು, ಒಂಬತ್ತರಲ್ಲಿ ಗೋಧಿ ಮತ್ತು ಭತ್ತ ಎರಡೇ ಹುಲ್ಲಿನ ಜಾತಿಯವು. ಉಳಿದದ್ದು ಹೆಸರು, ಉದ್ದು, ಕಡಲೆ, ತೊಗರಿ, ಹುರುಳಿ, ಅವರೆ, ಎಳ್ಳು. ಹಾಗಾಗಿ ಮನೆಯ ಹಿರಿಯರು ಧಾನ್ಯ ಆಗದು ಎಂದು ಕೇಳಿ ಬೇಳೆಯನ್ನೂ ಬಿಡಿಸಿಬಿಡುತ್ತಾರೆ, ಇಲ್ಲವೇ ರಾಗಿ ಪರವಾಗಿಲ್ಲ ಎಂದು ರಾಗಿ ಮಣ್ಣಿ ಮಾಡಿಡುತ್ತಾರೆ. ಗೋಧಿ, ಭತ್ತ, ರಾಗಿ, ಜೋಳ, ನವಣೆ, ಬಾರ್ಲಿ, ಓಟ್ಸ್, ಮೆಕ್ಕೆಜೋಳ ಎಲ್ಲ ಒಂದೇ ಹುಲ್ಲಿನ ಕುಟುಂಬ. ಒಂದೊಂದರ ಹೆಸರು ಹೇಳಿ ಕೇಳು. ಆಮೇಲೆ ಎಳ್ಳು, ಸಾಸಿವೆ, ಗೇರುಬೀಜ, ತೆಂಗಿನಕಾಯಿ, ಹಾಲು ಮೊಸರು ಆಗುತ್ತದಾ ಕೇಳು. ತಿಂದರೆ ಮಾತ್ರ ತೊಂದರೆಯಾ, ಅದೇ ಪಾತ್ರೆಯ ಸೌಟು ತಾಗಿದರೂ ತೊಂದರೆಯಾ? ಔಷಧ ಜೊತೆಗೆ ತರುತ್ತಾಳಾ? ಸಂಕೋಚಪಡಬೇಡ. ಹೀಗೆ ಕೇಳುವವರು ಸಿಕ್ಕಿದರೆ ಅವಳಿಗೆ ಎಷ್ಟು ಸಮಾಧಾನ ಆಗುತ್ತದೆ ಗೊತ್ತಾ? ಮದುವೆಯಾದ ಮೇಲಿನ ಎಲ್ಲ ಸಮ್ಮಾನಗಳಲ್ಲೂ ಅವಳು ಎಲೆಯ ಮುಂದೆ ಹೆದರಿಕೊಂಡೇ ಕುಳಿತಿರುತ್ತಾಳೆ.

ಈಗ ನೀನು ಕೇಳಿದ ಮುಖ್ಯ ಮಾತು. ಬೇರೆ ಅಡುಗೆ ಬೇಡ. ಹದಿನೆಂಟು ಜನರಿಗೂ ಒಂದೇ ಪದಾರ್ಥ ಮಾಡು. ಅವಳಿಗೆ ಆಗುವಂಥದ್ದನ್ನೇ ಎಲ್ಲರಿಗೂ ಮಾಡು. ಅನ್ನ ಮಾತ್ರ ಬೇರೆ ಇರಲಿ, ಬೇಕಾದವರು ಹಾಕಿಸಿಕೊಳ್ಳಲಿ. ನಾನು ಇಷ್ಟು ಧೈರ್ಯದಿಂದ ಹೇಳುವುದಕ್ಕೆ ಕಾರಣ ಇದೆ. ನಮ್ಮ ಕಡೆಯ ಪದಾರ್ಥಗಳಲ್ಲಿ ಧಾನ್ಯ ಇರುವುದೇ ಕಡಿಮೆ. ತರಕಾರಿ, ತೆಂಗಿನಕಾಯಿ, ಬೇಳೆ, ಮಜ್ಜಿಗೆ, ಇದರಲ್ಲೇ ನಮ್ಮ ಎಲೆ ತುಂಬುತ್ತದೆ. ಧಾನ್ಯ ಬರುವುದು ನಾವು ಕೈಯಾರೆ ಸೇರಿಸುವುದರಿಂದ. ಮೇಲಾರ (ಮಜ್ಜಿಗೆ ಹುಳಿ) ಒಡೆಯದ ಹಾಗೆ ಕಾಯಿಯ ಜೊತೆ ಒಂದು ಚಮಚ ನೆನೆಸಿದ ಅಕ್ಕಿ ಅರೆಯುತ್ತೇವೆ. ಬೇಳೆ ಪಾಯಸ ದಪ್ಪ ಬರಲಿ ಎಂದು ಅಕ್ಕಿ ಅರೆದು ಹಾಕುತ್ತೇವೆ. ಪೋಡಿ (ಬಜ್ಜಿ) ಗರಿಗರಿ ಆಗಲಿ ಎಂದು ಕಡಲೆ ಹಿಟ್ಟಿಗೆ ಅಕ್ಕಿ ಹಿಟ್ಟು ಸೇರಿಸುತ್ತೇವೆ. ಅದನ್ನು ನಿಲ್ಲಿಸಿದರೆ ಮುಕ್ಕಾಲು ಕೆಲಸ ಮುಗಿಯಿತು.

ಅವಳ ಎಲೆಯಲ್ಲಿ ಅನ್ನದ ಜಾಗಕ್ಕೆ ಮರಗೆಣಸು ಇಡು. ಅಯ್ಯೋ ಸಮ್ಮಾನಕ್ಕೆ ಮರಗೆಣಸಾ ಎಂದು ಯಾರಾದರೂ ಮೂಗು ಮುರಿದರೆ ಮುರಿಯಲಿ. 1942ರಲ್ಲಿ ಬರ್ಮಾದ ಅಕ್ಕಿ ಬರುವುದು ನಿಂತಾಗ ತಿರುವಾಂಕೂರಿನ ಜನರ ಹೊಟ್ಟೆ ತುಂಬಿಸಿದ್ದು ಇದೇ ಗೆಣಸು. ಸಿಪ್ಪೆ ಮತ್ತು ಅದರ ಒಳಗಿನ ಗುಲಾಬಿ ಪದರ ಪೂರಾ ತೆಗೆ. ತುಂಡು ಮಾಡಿ, ತುಂಬಾ ನೀರಿಟ್ಟು, ಮುಚ್ಚಳ ಹಾಕದೆ ಬೇಯಿಸು. ನೀರು ಬಸಿದು ಚೆಲ್ಲು. ಅದರ ಸಹಜ ವಿಷದ ಅಂಶ ಆ ಆವಿಯಲ್ಲಿ, ಆ ನೀರಿನಲ್ಲಿ ಹೋಗುತ್ತದೆ, ಹಾಗಾಗಿ ಇಲ್ಲಿ ಕುಕ್ಕರ್ ಬೇಡ. ಕಹಿ ಬಂದ ಗೆಣಸನ್ನು ಬಿಸಾಡು. ಕಾಯಿತುರಿ, ಹಸಿಮೆಣಸು, ಜೀರಿಗೆ ಒಟ್ಟಿಗೆ ಒಂದು ಸುತ್ತು ಜಜ್ಜಿ, ಬೆಂದ ಗೆಣಸಿಗೆ ಉಪ್ಪಿನ ಜೊತೆ ಹಾಕಿ ಮಗುಚು. ಮೇಲಿಂದ ಹಸಿ ತೆಂಗಿನೆಣ್ಣೆ ಎರಡು ಚಮಚ, ಬೇವಿನೆಲೆ. ಬಿಸಿ ಇರುವಾಗಲೇ ಬಡಿಸು. ಜಾಸ್ತಿಯೇ ಮಾಡಿಡು, ಉಳಿದವರೂ ಕೇಳುತ್ತಾರೆ.

ಈಗ ಹಲಸಿನ ಕಾಲ. 2018ರಲ್ಲಿ ಕೇರಳ ಸರ್ಕಾರ ಅದನ್ನು ರಾಜ್ಯದ ಹಣ್ಣು ಎಂದು ಘೋಷಿಸಿತು. ನಮಗೆ ಅದು ಮೊದಲಿನಿಂದಲೂ ಅರ್ಧ ವರ್ಷದ ಅನ್ನ. ಬೆಳೆದು ಹಣ್ಣಾಗದ ಹಲಸಿನಕಾಯಿ ಕೊಯ್ಸು. ಸೊಳೆ ಬಿಡಿಸಿ ಬೆರಳುದ್ದಕ್ಕೆ ಸೀಳು. ಒಂದೆರಡು ಬೇಳೆಯನ್ನೂ, ಅಂದರೆ ಹಲಸಿನ ಬೀಜವನ್ನೂ, ತೆಳ್ಳಗೆ ಹೆಚ್ಚಿ ಸೇರಿಸು. ದಪ್ಪ ತಳದ ಪಾತ್ರೆಯಲ್ಲಿ ತೆಂಗಿನೆಣ್ಣೆ, ಸಾಸಿವೆ, ಉದ್ದಿನಬೇಳೆ, ಒಣಮೆಣಸು, ಬೇವಿನೆಲೆ. ಸಾಸಿವೆ ಸಿಡಿದ ಮೇಲೆ ಸೊಳೆ ಹಾಕಿ ಅರಶಿನ, ಉಪ್ಪು, ಚೂರು ಬೆಲ್ಲ, ಒಂದು ಲೋಟ ನೀರು. ಮುಚ್ಚಿ ಬೇಯಿಸು. ನೀರು ಆರುತ್ತಾ ಬಂದಾಗ ಪಾತ್ರೆಯಿಂದ ಒಂದು ಸಿಹಿ ಪರಿಮಳ ಏಳುತ್ತದೆ, ಸೊಳೆಯ ಅಂಚು ಪಾರದರ್ಶಕ ಆಗುತ್ತದೆ. ಆಗ ಕಾಯಿ, ಕೆಂಪು ಮೆಣಸು, ಜೀರಿಗೆ ತರಿತರಿ ಅರೆದದ್ದನ್ನು ಹಾಕಿ ನಾಲ್ಕು ಸಲ ಮಗುಚಿ ಇಳಿಸು. ಜಾಸ್ತಿ ಮಗುಚಿದರೆ ಮುದ್ದೆ ಆಗುತ್ತದೆ. ಈ ಪಲ್ಯ ಎಲೆಯಲ್ಲಿ ಇದ್ದರೆ ಅನ್ನದ ನೆನಪು ಬರುವುದಿಲ್ಲ ಎಂದು ನಾನು ಖಂಡಿತ ಹೇಳಬಲ್ಲೆ.

ಉಳಿದದ್ದು ಸುಲಭ. ಹೆಸರುಬೇಳೆ, ಮುಳ್ಳುಸೌತೆಯ ಕೋಸಂಬರಿ, ಲಿಂಬೆ ಹಿಂಡಿ. ಸಾಂಬಾರು ಸೌತೆಯ ಬೋಳು ಹುಳಿ (ಕಾಯಿ ಅರೆದು ಹಾಕದ್ದು), ತೊಗರಿಬೇಳೆ ಚೆನ್ನಾಗಿ ಕಡೆದರೆ ಅದೇ ದಪ್ಪ. ಅನಾನಸಿನ ಮೆಣಸ್ಕಾಯಿ ಮಾಡುವುದಾದರೆ ಎಳ್ಳು ಆಗುತ್ತದೆ ಎಂದು ಅವಳು ಹೇಳಿದ ಮೇಲೆ ಮಾಡು. ಒಂದೆಲಗದ ತಂಬುಳಿ. ಸಾಕು. ಅಗತ್ಯಕ್ಕಿಂತ ಜಾಸ್ತಿ ಬಗೆ ಮಾಡಲು ಹೊರಟರೆ ಎಲ್ಲೋ ಒಂದು ಕಡೆ ಕೈ ತಪ್ಪುತ್ತದೆ.

ಹಪ್ಪಳ ಬೇಕೇ ಬೇಕಲ್ವಾ? ಹಲಸಿನ ಹಪ್ಪಳ ಕರಿ. ಅದೂ ನೀನೇ ಮಾಡಿದ್ದು, ಇಲ್ಲವೇ ಮಾಡಿದವರು ಯಾರೆಂದು ಗೊತ್ತಿರುವುದು. ಸೊಳೆ, ಉಪ್ಪು, ಮೆಣಸು, ಕೊತ್ತಂಬರಿ ಬಿಟ್ಟು ಅದರಲ್ಲಿ ಬೇರೇನೂ ಇರುವುದಿಲ್ಲ. ಅಂಗಡಿಯ ಉದ್ದಿನ ಹಪ್ಪಳ ಉದ್ದಿನದೇ ಆದರೂ ಲಟ್ಟಿಸುವಾಗ ಉದುರಿಸಿದ ಹಿಟ್ಟು ಯಾವುದು ಎಂದು ನಮಗೆ ಗೊತ್ತಾಗುವುದಿಲ್ಲ. ಎಣ್ಣೆ ಹೊಸದಾಗಿರಲಿ. ನಿನ್ನೆ ಪೂರಿ ಕರಿದ ಎಣ್ಣೆ ಬೇಡ, ತವುಡಿನ ಎಣ್ಣೆಯಂತೂ ಅಕ್ಕಿಯದೇ.

ಪಾಯಸಕ್ಕೆ ಹೆಸರುಬೇಳೆ ಹುರಿದು, ಬೇಯಿಸಿ, ಬೆಲ್ಲ ಮತ್ತು ಕಾಯಿಹಾಲು ಹಾಕು. ಬೇಳೆಯನ್ನೇ ಸೌಟಿನ ಹಿಂಬದಿಯಿಂದ ಮಸೆದರೆ ದಪ್ಪ ಬರುತ್ತದೆ. ಇನ್ನೂ ದಪ್ಪ ಬೇಕಾದರೆ ಒಂದು ಚಮಚ ಕೂವೆ ಹುಡಿ (ಆರಾರೂಟ್) ತಣ್ಣೀರಿನಲ್ಲಿ ಕದಡಿ ಹೊಯ್ಯು. ಮನೆಯ ಕೂವೆ ಹುಡಿ ಇದ್ದರೆ ಮಾತ್ರ. ನಮ್ಮ ಅಮ್ಮ ಗೆಡ್ಡೆ ತುರಿದು, ಬಟ್ಟೆಯಲ್ಲಿ ಸೋಸಿ, ಪಾತ್ರೆಯಲ್ಲಿ ಇಡುತ್ತಿದ್ದಳು. ಬೆಳಿಗ್ಗೆ ನೋಡಿದರೆ ಮೇಲೆ ಕಂದು ನೀರು, ಅಡಿಯಲ್ಲಿ ಸುಣ್ಣದಂಥ ಬಿಳಿ ಮಡ್ಡಿ. ನೀರು ಚೆಲ್ಲಿ ಹೊಸ ನೀರು ಹೊಯ್ದು ಕಲಕುವುದು. ಹೀಗೆ ನೀರು ತಿಳಿಯಾಗುವ ತನಕ ಆರೇಳು ದಿನ. ಆಮೇಲೆ ಬಿಸಿಲು. ಬೆರಳಲ್ಲಿ ಒತ್ತಿದರೆ ಕಿರ್ ಎನ್ನಬೇಕು. ಅಂಗಡಿಯಲ್ಲಿ ಆರಾರೂಟ್ ಎಂದು ಮಾರುವುದರಲ್ಲಿ ಮೆಕ್ಕೆಜೋಳದ ಹಿಟ್ಟು ಬೆರೆತಿರುವುದುಂಟು, ಅದನ್ನು ನಂಬಬೇಡ. ಕಸ್ಟರ್ಡ್ ಪುಡಿಯೂ ಹೆಚ್ಚಾಗಿ ಮೆಕ್ಕೆಜೋಳದ್ದೇ.

ಅಡುಗೆಗೆ ಕೈಹಾಕುವ ಮೊದಲು ಒಂದು ಕೆಲಸ ಮಾಡು. ಮಿಕ್ಸಿ ಜಾರಿನ ಮುಚ್ಚಳದ ರಬ್ಬರ್ ಬಳೆಯನ್ನು ಚಾಕುವಿನ ತುದಿಯಿಂದ ಎಬ್ಬಿಸಿ ನೋಡು. ಅದರ ಅಡಿಯಲ್ಲಿ ದೋಸೆ ಹಿಟ್ಟು ಬೂದು ಬಣ್ಣದ ಗೆರೆಯಾಗಿ ಒಣಗಿ ಕುಳಿತಿರುತ್ತದೆ. ನಾವು ದಿನಾ ತೊಳೆಯುತ್ತೇವೆ, ಆದರೂ ಅದು ಅಲ್ಲಿರುತ್ತದೆ. ಬ್ಲೇಡಿನ ಬುಡದಲ್ಲೂ ಅಷ್ಟೆ. ಬಿಸಿ ನೀರು, ಹಳೆಯ ಹಲ್ಲುಜ್ಜುವ ಬ್ರಷ್ಷು ಹಿಡಿದು ಕುಳಿತುಕೋ. ಗ್ರೈಂಡರನ್ನು ಆ ದಿನ ಮುಟ್ಟಬೇಡ, ಅದರ ಕಲ್ಲಿನ ಸಂದಿಗಳು ಶುದ್ಧ ಆಗುವುದು ಕಷ್ಟ. ಮರದ ಸೌಟಿನ ಬದಲು ಸ್ಟೀಲ್ ಸೌಟು ತೆಗೆ. ಮೆಣಸಿನ ಹುಡಿ, ಕೊತ್ತಂಬರಿ ಹುಡಿ ಮಿಲ್ಲಿನಲ್ಲಿ ಮಾಡಿಸಿದ್ದಾದರೆ ಅದನ್ನೂ ಬಿಡು. ನಿನಗಿಂತ ಮೊದಲು ಯಾರೋ ಗೋಧಿ ಬೀಸಿಸಿರುತ್ತಾರೆ. ಮೆಣಸು ಹುರಿದು ಮನೆಯಲ್ಲೇ ಅರೆ. ಕಡಲೆ ಹಿಟ್ಟಿಗೂ ಇದೇ ಮಾತು, ಹಾಗಾಗಿ ಪೋಡಿಯ ಆಸೆ ಈ ಸಲ ಬಿಡು.

ಬಡಿಸುವ ಕ್ರಮ ಮೊದಲೇ ಹೇಳಿಡು. ಪದಾರ್ಥ ಎಲ್ಲ ಬಡಿಸಿ ಆದ ಮೇಲೆ ಅನ್ನದ ಪಾತ್ರೆ ಹೊರಗೆ ಬರಲಿ. ಅನ್ನ ಬಡಿಸಿದ ಕೈ ಪಲ್ಯದ ಪಾತ್ರೆಗೆ ಹೋಗಬಾರದು. ಅವಳ ಎಲೆಯನ್ನು ಸಾಲಿನ ತುದಿಗೆ ಹಾಕು, ಪಕ್ಕದಲ್ಲಿ ನಿನ್ನ ತಮ್ಮ. ಅನ್ನ ಬಡಿಸುವವರು ತಮ್ಮನವರೆಗೆ ಬಂದು ಅಲ್ಲಿಂದಲೇ ತಿರುಗಲಿ, ಆಗ ಒಂದು ಅಗುಳೂ ಅವಳ ಎಲೆಗೆ ಹಾರುವುದಿಲ್ಲ. ಎರಡನೇ ಸಲ ಬಡಿಸಲು ಅವಳಿಗಾಗಿ ಎಲ್ಲವನ್ನೂ ಸಣ್ಣ ಪಾತ್ರೆಗಳಲ್ಲಿ ಮೊದಲೇ ತೆಗೆದು ಮುಚ್ಚಿಡು. ಮತ್ತೆ, ಮನೆಯ ಹಿರಿಯರಿಗೆ ಶುಕ್ರವಾರವೇ ವಿಷಯ ಹೇಳು. "ಮಗಳೇ, ಯಾಕೆ ಅನ್ನ ಹಾಕಿಸಿಕೊಳ್ಳಲಿಲ್ಲ?" ಎಂದು ಹದಿನೇಳು ಜನ ಒಬ್ಬೊಬ್ಬರಾಗಿ ಕೇಳಿದರೆ ಆ ಹುಡುಗಿಗೆ ಮರಗೆಣಸೂ ಗಂಟಲಲ್ಲಿ ಇಳಿಯುವುದಿಲ್ಲ.

ಎಷ್ಟು ಜಾಗ್ರತೆ ಮಾಡಿದರೂ ಒಂದು ವಿಷಯ ಗೊತ್ತಿರಲಿ. ತುಟಿ, ನಾಲಗೆ ಊದಿದರೆ, ಉಸಿರು ಕಟ್ಟಿದ ಹಾಗಾದರೆ, ತಲೆ ತಿರುಗಿ ಬೀಳುವ ಹಾಗಾದರೆ ಮಜ್ಜಿಗೆ ಕುಡಿಸಿ ನೋಡೋಣ ಎಂದು ಕೂರಬೇಡಿ. ಅವಳ ಹತ್ತಿರ ಅಡ್ರಿನಲಿನ್ ಇಂಜೆಕ್ಷನ್ ಇದ್ದರೆ ಕೂಡಲೇ ಹಾಕಿಕೊಳ್ಳಲಿ. 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಹೊರಡಿ. ಶನಿವಾರ ಅಂಗಳದಲ್ಲಿ ನಿಮ್ಮ ವಾಹನಕ್ಕೆ ಅಡ್ಡವಾಗಿ ಬೇರೆ ವಾಹನ ನಿಲ್ಲದ ಹಾಗೆ ನೋಡಿಕೊಳ್ಳಿ.

ಪ್ರಶ್ನೆ: ನೆಂಟರ ಮಗುವಿಗೆ ಗೋಧಿ, ಮೆಕ್ಕೆಜೋಳ ಎರಡೂ ಆಗುವುದಿಲ್ಲ. ಅಂಗಡಿಯಲ್ಲಿ ಗ್ಲುಟೆನ್ ಫ್ರೀ ಎಂದು ಬರೆದ ಬಿಸ್ಕತ್ತು ಸಿಗುತ್ತದೆ. ಕೊಡಬಹುದಾ?
– ಒಬ್ಬ ಓದುಗರು, ಹೊಸಂಗಡಿ

ಉತ್ತರ: ಆ ಮಾತನ್ನು ಮಾತ್ರ ನಂಬಿ ಕೊಡಬೇಡಿ. ಗ್ಲುಟೆನ್ ಇರುವುದು ಗೋಧಿ, ಬಾರ್ಲಿ, ರೈ ಇಂಥವುಗಳಲ್ಲಿ. ಒಂದು ಕಿಲೋದಲ್ಲಿ 20 ಮಿಲಿಗ್ರಾಮಿಗಿಂತ ಕಡಿಮೆ ಗ್ಲುಟೆನ್ ಇದ್ದರೆ ಹಾಗೆ ಬರೆಯಬಹುದು. ಮೆಕ್ಕೆಜೋಳದಲ್ಲಿ ಅಂಥ ಗ್ಲುಟೆನ್ ಇಲ್ಲ. ಹಾಗಾಗಿ ಗ್ಲುಟೆನ್ ಫ್ರೀ ತಿಂಡಿಗಳಲ್ಲಿ ಗೋಧಿಯ ಬದಲು ಮೆಕ್ಕೆಜೋಳವನ್ನೋ ಅಕ್ಕಿಯನ್ನೋ ಹಾಕುವುದೇ ಜಾಸ್ತಿ. ನಮ್ಮ ದೇಶದ 2020ರ ಲೇಬಲ್ ನಿಯಮದ ಪ್ರಕಾರ ಗೋಧಿ, ಬಾರ್ಲಿ, ಓಟ್ಸ್ ಇದ್ದರೆ ಅಲರ್ಜಿಯ ಎಚ್ಚರಿಕೆಯಾಗಿ ಬೇರೆಯೇ ಬರೆಯಬೇಕು. ಮೆಕ್ಕೆಜೋಳ, ಅಕ್ಕಿ ಆ ಪಟ್ಟಿಯಲ್ಲಿ ಇಲ್ಲ. ಅದಕ್ಕೆ ಎಚ್ಚರಿಕೆಯ ಸಾಲು ಓದಿ ನಿಲ್ಲಿಸಬೇಡಿ, ಏನೇನು ಹಾಕಿದ್ದಾರೆ ಎಂಬ ಪೂರ್ತಿ ಪಟ್ಟಿ ಓದಿ. ಬೇಕಿಂಗ್ ಪೌಡರಿನಲ್ಲೂ ಸಾಮಾನ್ಯವಾಗಿ ಮೆಕ್ಕೆಜೋಳದ ಪಿಷ್ಟ ಇರುತ್ತದೆ. ಮಗುವಿಗೆ ನೇಂದ್ರ ಬಾಳೆಹಣ್ಣು ಆವಿಯಲ್ಲಿ ಬೇಯಿಸಿ ತುಪ್ಪ ಹಾಕಿ ಕೊಡಿ, ಬಿಸ್ಕತ್ತು ಕೇಳುವುದಿಲ್ಲ.

ಪ್ರಶ್ನೆ: ಸಬ್ಬಕ್ಕಿಯಲ್ಲಿ ಅಕ್ಕಿ ಇದೆಯಾ? ಅಕ್ಕಿ ಆಗದವರಿಗೆ ಸಂಡಿಗೆ ಕರಿದು ಕೊಡಬಹುದಾ?
– ಒಬ್ಬ ಓದುಗರು, ಮುಳ್ಳೇರಿಯ

ಉತ್ತರ: ಹೆಸರಿನಲ್ಲಿ ಮಾತ್ರ ಅಕ್ಕಿ. ಸಬ್ಬಕ್ಕಿ ಮಾಡುವುದು ಮರಗೆಣಸಿನ ಪಿಷ್ಟದಿಂದ, ನಮಗೆ ಬರುವುದು ಹೆಚ್ಚಾಗಿ ತಮಿಳುನಾಡಿನ ಸೇಲಂ ಕಡೆಯದು. ಬರೀ ಸಬ್ಬಕ್ಕಿಯ ಸಂಡಿಗೆ ಕೊಡಬಹುದು. ಆದರೆ ಸಂಡಿಗೆಗೆ ಸಬ್ಬಕ್ಕಿಯ ಜೊತೆ ಅಕ್ಕಿ ಹಿಟ್ಟು ಕಾಸಿ ಹಾಕುವ ಮನೆಗಳು ಬೇಕಾದಷ್ಟು ಇವೆ. ಮಾಡಿದವರನ್ನು ಕೇಳಿ.

ಪ್ರಶ್ನೆ: ಗಂಡನ ಸ್ನೇಹಿತರಿಗೆ ಗೋಧಿ, ಅಕ್ಕಿ ಎರಡೂ ಆಗದು. ಮೀನು ಹುರಿಯುವಾಗ ರವೆ ಹಾಕದಿದ್ದರೆ ಕಾವಲಿಗೆ ಅಂಟುತ್ತದೆ. ಏನು ಮಾಡಲಿ?
– ಒಬ್ಬ ಗೃಹಿಣಿ, ಕುಂಬಳೆ

ಉತ್ತರ: ನಾನು ಮೀನು ಮಾಡುವವಳಲ್ಲ. ನೆರೆಮನೆಯ ಬ್ಯಾರಿ ಅಕ್ಕನನ್ನು ಕೇಳಿ ಬರೆಯುತ್ತಿದ್ದೇನೆ. ಒಣಮೆಣಸು, ಕಾಳುಮೆಣಸು, ಅರಶಿನ, ಬೆಳ್ಳುಳ್ಳಿ, ಹುಣಸೆಹುಳಿ, ಉಪ್ಪು ನೀರು ಕಡಿಮೆ ಹಾಕಿ ಗಟ್ಟಿಯಾಗಿ ಅರೆಯಬೇಕು. ಮೀನಿನ ನೀರನ್ನು ಬಟ್ಟೆಯಲ್ಲಿ ಒರಸಿ ಮಸಾಲೆ ಸವರಿ ಅರ್ಧ ಗಂಟೆ ಇಡಬೇಕು. ದೋಸೆ ಕಾವಲಿ ಬೇಡ, ಬೇರೆ ಬಾಣಲೆ ಇಡಿ. ತೆಂಗಿನೆಣ್ಣೆ ಚೆನ್ನಾಗಿ ಕಾದ ಮೇಲೆ ಬೇವಿನೆಲೆ ಹಾಸಿ, ಅದರ ಮೇಲೆ ಮೀನು. ಒಂದು ಬದಿ ಪೂರಾ ಕೆಂಪಾಗುವ ತನಕ ಮುಟ್ಟಬಾರದಂತೆ. ಆದ ಮೇಲೆ ತಾನಾಗಿಯೇ ಬಿಡುತ್ತದೆ. "ನಮ್ಮ ಮನೆಯಲ್ಲಿ ರವೆ ಹಾಕಿದ್ದೇ ಇಲ್ಲ" ಎಂದರು ಅವರು.